ಟ್ಯಾಂಕಿನ ಪಟ್ಟಿ ಏಕೆ ಜೋಲಬೇಕು?

ಯಂತ್ರಗಳ ಸಣ್ಣ ಪ್ರತಿಕೃತಿಗಳನ್ನು ಕಟ್ಟುವುದು ಮಕ್ಕಳಾಟವೆಂದು ಭಾವಿಸುವವರುಂಟು. ಆಟವೇ ಸರಿ, ಆದರೆ ಪಾಠವಿಲ್ಲದ ಆಟವಲ್ಲ. ಯುದ್ಧದ ಟ್ಯಾಂಕಿನ ಪ್ರತಿಕೃತಿಗೆ ಅದರ ಪಟ್ಟಿಯನ್ನು ತೊಡಿಸುವ ಕೆಲಸವನ್ನೇ ತೆಗೆದುಕೊಳ್ಳೋಣ. ಮೆತ್ತನೆಯ ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಪಟ್ಟಿಯನ್ನು ಗಾಲಿಗಳ ಸುತ್ತ ಬಿಗಿಯಾಗಿ ಎಳೆದು ಸಿಕ್ಕಿಸಿದರೆ ಕೆಲಸ ಮುಗಿಯಿತೆಂದು ಹಲವರ ತಿಳಿವಳಿಕೆ. ಪಟ್ಟಿ ಜೋಲಬೇಕು, ತಾನಾಗಿ ಜೋಲದಿದ್ದರೆ ಜೋಲುವಂತೆ ಅಂಟಿಸಿ ನಿಲ್ಲಿಸಬೇಕು, ಹಾಗೆ ಅಂಟಿಸುವುದು ವಂಚನೆಯಲ್ಲ ಎಂಬುದು ನಮ್ಮ ಅಭಿಪ್ರಾಯ. ಅದರ ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ಪಟ್ಟಿಯ ಉಪಯೋಗವೇನೆಂಬುದನ್ನು ಮೊದಲು ನೋಡೋಣ. ಹೊನ್ನಾವರದ ತೆಂಕಣಕ್ಕಿರುವ ಅಪ್ಸರಕೊಂಡದಲ್ಲಿ ಗುಡ್ಡವಿಳಿದು, ಕಡಲ ದಂಡೆಯ ಒಣ ಮರಳಿನಲ್ಲಿ ಸೈಕಲ್ಲನ್ನು ತಳ್ಳಿದವರಿಗೆ ಗಾಲಿ ಹೇಗೆ ಹೂತುಹೋಗುವುದೆಂದು ವಿವರಿಸಬೇಕಾಗಿಲ್ಲ. ಭಾರವೆಲ್ಲ ಅತಿ ಕಿರಿದಾದ ಎಡೆಯ ಮೇಲೆ ಬೀಳುವುದೇ ಅದಕ್ಕೆ ಕಾರಣ. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಟಿ-55 ಟ್ಯಾಂಕಿನ ತೂಕ ಸುಮಾರು 36 ಟನ್ನು. ಆದರೆ 58 ಸೆಂ.ಮೀ. ಅಗಲದ ಎರಡು ಪಟ್ಟಿಗಳು ಸುಮಾರು 3.84 ಮೀಟರು ಉದ್ದಕ್ಕೆ ನೆಲವನ್ನು ಮುಟ್ಟುವುದರಿಂದ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 0.8 ಕಿಲೋಗ್ರಾಮಿನಷ್ಟು ಮಾತ್ರ. ಪಟ್ಟಿಯೆಂದರೆ ಟ್ಯಾಂಕು ತನ್ನ ಮುಂದೆ ತಾನೇ ಹಾಸಿಕೊಂಡು, ಹಿಂದಿನಿಂದ ತಾನೇ ಸುತ್ತಿಕೊಳ್ಳುವ ರಸ್ತೆ.

ಟ್ಯಾಂಕನ್ನು ಕಂಡವರು ನಮ್ಮ ಕಡೆ ವಿರಳ. ಆದರೆ ಜನರು ಹಿಟಾಚಿಯೆಂದು ಕರೆಯುವ, ಮಣ್ಣನ್ನು ಅಗೆಯುವ ಯಂತ್ರವನ್ನು ಕಾಣದವರಿಲ್ಲ. ಕರಾವಳಿಯ ಹೆದ್ದಾರಿಯನ್ನು ಅಗಲಿಸಲು ಚೀರೆಕಲ್ಲಿನ ಗುಡ್ಡಗಳನ್ನು ಕಡಿದಾಗ ಅವು ಊರೂರಿನಲ್ಲೂ ದುಡಿದುವು. ನಮ್ಮ ರಾಜ್ಯದಲ್ಲೇ 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ಕೋಲಾರ ಚಿನ್ನದ ಗಣಿಯ ತನ್ನ ಕಾರ್ಖಾನೆಯಲ್ಲಿ ಇಂಥ ಪಟ್ಟಿಗಳ ಮೇಲೆ ಓಡುವ ಬುಲ್‌ಡೋಜರುಗಳನ್ನು ನಿರ್ಮಿಸುತ್ತದೆ. ಹಿಟಾಚಿಯ ಚಾಲಕನು ತನ್ನ ಯಂತ್ರದ ಒಂದು ಪಕ್ಕವನ್ನು ನೆಲದಿಂದೆತ್ತಿ, ಕೆಳಗೆ ಚೈನು ಎಷ್ಟು ಜೋಲುತ್ತದೆಂದು ಅಳೆಯುವುದುಂಟು. ಹೆಚ್ಚು ಜೋತರೆ ಚೈನು ಗಾಲಿಯಿಂದ ಕಳಚೀತು. ಹೆಚ್ಚು ಬಿಗಿದರೆ ಅದರ ಪಿನ್ನುಗಳು ಬೇಗ ಸವೆದಾವು. ಗ್ರೀಸು ತುಂಬಿ ಬಿಗಿಯನ್ನು ಹೆಚ್ಚಿಸುವುದಕ್ಕೂ, ಗ್ರೀಸು ಬಿಟ್ಟು ಸಡಿಲಿಸುವುದಕ್ಕೂ ಅಲ್ಲಿ ಏರ್ಪಾಡಿರುತ್ತದೆ.

ಈ ಜೋಲು ಕುಂದಲ್ಲ, ನಿಸರ್ಗದ ನಿಯಮ. ಎರಡು ಆಧಾರಗಳ ನಡುವೆ ತೂಗುವ ಸರಪಳಿಯ ಜೋಲನ್ನು ಅರ್ಧಕ್ಕಿಳಿಸಬೇಕಾದರೆ ಅದನ್ನು ಸುಮಾರು ಎರಡರಷ್ಟು ಬಲದಿಂದ ಎಳೆಯಬೇಕು; ಕಾಲಿಗಿಳಿಸಲು ನಾಲ್ಕರಷ್ಟು. ಜೋಲನ್ನು ಪೂರ್ತಿಯಾಗಿ ಇಲ್ಲವಾಗಿಸುವಷ್ಟು ಬಲ ಜಗತ್ತಿನಲ್ಲಿಲ್ಲ. ಆದುದರಿಂದ ಗೀಟುಕೋಲಿನಂತೆ ನೆಟ್ಟಗಿರುವ ಪಟ್ಟಿಯ ಟ್ಯಾಂಕು ನೋಡಲು ಅಚ್ಚುಕಟ್ಟಾಗಿ ತೋರಿದರೂ ಅಸಂಭವವಾದ ವಸ್ತು. ಟಿ-55ರಲ್ಲಂತೂ ಪಟ್ಟಿಯ ಮೇಲ್ಭಾಗವನ್ನು ಎತ್ತಿಹಿಡಿಯುವ ಚಿಕ್ಕ ಉರುಳೆಗಳೇ ಇಲ್ಲ. ಅದು ದೊಡ್ಡ ಗಾಲಿಗಳ ತಲೆಯ ಮೇಲೆಯೇ ಒರಗುತ್ತ ಸಾಗುತ್ತದೆ.

ಹಾಗಾದರೆ ಪ್ರತಿಕೃತಿಯ ಪಟ್ಟಿ ತಾನಾಗಿ ಏಕೆ ಜೋಲದು? ಪ್ರತಿಕೃತಿಗಾರರಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ 35ರಲ್ಲಿ ಒಂದು ಪಾಲು. ಉದ್ದವನ್ನು ಹೀಗೆ ಕುಗ್ಗಿಸಿದರೆ ಕ್ಷೇತ್ರವು 1,225ರಲ್ಲಿ ಒಂದು ಪಾಲಿಗೂ, ಅದೇ ಲೋಹದಿಂದ ಮಾಡಿದರೂ ತೂಕವು 42,875ರಲ್ಲಿ ಒಂದು ಪಾಲಿಗೂ ಇಳಿಯುತ್ತದೆ. 36 ಟನ್ನಿನ ಟ್ಯಾಂಕು ಒಂದು ಕಿಲೋಗ್ರಾಮಿಗೂ ಕಡಿಮೆಯಾಗುತ್ತದೆ. ಅಪ್ಸರಕೊಂಡದ ಮರಳಿನ ಮೇಲಿಟ್ಟರೆ ಅದರ ಗುರುತು ಮೂಡುವುದೂ ಕಷ್ಟ. ಗಾತ್ರ ಬದಲಾದಂತೆ ಬಲಾಬಲಗಳು ಒಂದೇ ಪ್ರಮಾಣದಲ್ಲಿ ಬದಲಾಗವು ಎಂಬುದನ್ನು ಗೆಲಿಲಿಯೊ 1638ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ವಿವರಿಸಿದ್ದನು.

ಆದರೆ ಗಾತ್ರವೊಂದರದೇ ತಪ್ಪೆನ್ನುವಂತಿಲ್ಲ. ಕೊರಳಿನ ಸರವನ್ನೂ ಆನೆಯ ಸರಪಳಿಯನ್ನೂ ತೂಗಬಿಟ್ಟರೆ ಎರಡೂ ಒಂದೇ ಬಗೆಯ ವಕ್ರರೇಖೆಯನ್ನು ತಾಳುತ್ತವೆ. 1691ರಲ್ಲಿ ಹೈಗೆನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಇವರು ಗಣಿತದಿಂದ ನಿರ್ಣಯಿಸಿದ ರೇಖೆಯಿದು. ಕೀಲು ಕೀಲಾಗಿ ಮಡಿಯುವ ವಸ್ತುವಿಗೆ ಬಾಗುವಾಗ ವಿರೋಧವಿಲ್ಲ. ಆದಕಾರಣ ಅದು ಚಿಕ್ಕದಾದರೂ ದೊಡ್ಡದರಂತೆಯೇ ಜೋಲುತ್ತದೆ. ಇಡಿಯಾದ ಪಟ್ಟಿಗೆ ತನ್ನದೇ ಬಿಗುಪುಂಟು. ಪಟ್ಟಿ ಚಿಕ್ಕದಾದಂತೆ ಅದನ್ನು ಇಳಿಯಬಿಡುವ ತೂಕವು ಆ ಬಿಗುಪಿನ ಮುಂದೆ ಸೋಲುತ್ತದೆ: ಅದೇ ವಸ್ತುವಿನ ಪಟ್ಟಿಯನ್ನು 35ರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ, ಅದರ ಉದ್ದಕ್ಕೆ ಹೋಲಿಸಿದಾಗ ಜೋಲೂ 35ರಲ್ಲಿ ಒಂದು ಪಾಲಾಗುತ್ತದೆ. ತೂಕದ ಈ ಕೊರತೆಯನ್ನೇ ನಾವು ಅಂಟಿನಿಂದ ತುಂಬಿಕೊಡುವುದು.

ಕೆಲಸದ ಕ್ರಮ ಕಠಿನವಲ್ಲ. ಪಟ್ಟಿಯ ಎರಡು ತುದಿಗಳನ್ನು ಗಟ್ಟಿ ನೂಲಿನಿಂದ ಹೊಲಿದು, ಆ ಜೋಡಣೆ ನೆಲದ ಕಡೆಗೆ ಅಡಗುವಂತೆ ಇಡಬೇಕು. ಪಟ್ಟಿ ಗಾಲಿಗಳನ್ನು ಎಳೆಯದಷ್ಟು ಉದ್ದವಿರಬೇಕು. ಬಿಗಿಯಾದರೆ ಅಚ್ಚುಗಳು ಬಾಗಿ ತುದಿಯ ಗಾಲಿಗಳು ಒಳಕ್ಕೆ ವಾಲುತ್ತವೆ. ಮೆತ್ತನೆಯ ಪಿ.ವಿ.ಸಿ. ಪಟ್ಟಿಗಳಲ್ಲಿ ಇನ್ನೊಂದು ಅಪಾಯವುಂಟು: ಅವುಗಳನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ್ಯವು ವರ್ಷಗಳು ಕಳೆದಂತೆ ಹೊರಸೂಸಿ ಪಾಲಿಸ್ಟೈರೀನ್ ಗಾಲಿಗಳನ್ನು ಕರಗಿಸಬಹುದು. ಗಾಲಿಗಳಿಗೆ ಬಣ್ಣದ ಲೇಪವಿದ್ದರೆ ಸ್ವಲ್ಪ ರಕ್ಷಣೆ. ಮೊದಲು ಎಲ್ಲ ಗಾಲಿಗಳ ಅಡಿಯನ್ನು ಪಟ್ಟಿಗೆ ಅಂಟಿಸಿ ಒಣಗಬಿಡಬೇಕು. ಬಳಿಕ ಗಾಲಿಗಳ ತಲೆಗೆ ಒಂದೊಂದು ಹನಿ ಅಂಟು ತಾಗಿಸಿ, ಪಟ್ಟಿಗೂ ಅದರ ಮೇಲಣ ಮಡ್‌ಗಾರ್ಡಿಗೂ ನಡುವೆ ಹತ್ತಿಯನ್ನೋ ತೆಂಗಿನ ಗರಿಯ ಕಡ್ಡಿಯನ್ನೋ ತುರುಕಿ ಪಟ್ಟಿಯನ್ನು ಕೆಳಕ್ಕೊತ್ತಬೇಕು. ಅಂಟು ಹಿಡಿದ ಮೇಲೆ ತೆಗೆದುಬಿಡಬೇಕು. ಪ್ಲಾಸ್ಟಿಕ್ ಗಾಲಿಗಳನ್ನು ಕೂಡಿಸುವ ಅಂಟು ಈ ಪಟ್ಟಿಗಳನ್ನು ಹಿಡಿಯದು. ಅಂಗಡಿಗಳಲ್ಲಿ ಫೆವಿಕ್ವಿಕ್ ಎಂದು ಕೇಳುವ ಸಯನೋಆಕ್ರಿಲೇಟ್ ಅಂಟು ಪಿ.ವಿ.ಸಿ.ಯನ್ನೂ ರಬ್ಬರನ್ನೂ ಹಿಡಿಯುತ್ತದೆ. ಬೆರಳನ್ನೂ ಹಿಡಿಯುತ್ತದೆ, ಅದರ ಆವಿ ಕಣ್ಣಿಗೆ ಒಳಿತಲ್ಲ.

ಅಂಟಿಸಿದ ಪಟ್ಟಿ ಓಡದಲ್ಲವೇ ಎಂದು ಆಕ್ಷೇಪಿಸಬಹುದು. ಮಾತು ನಿಜ. ಓಡಬೇಕಾದ ಪ್ರತಿಕೃತಿಗೆ ಅಂಟು ಸಲ್ಲದು. ಅದಕ್ಕೆ ಕೀಲುಪಟ್ಟಿಯೇ ಯೋಗ್ಯ. ಆದರೆ ನಿಂತು ತೋರಬೇಕಾದ ಪ್ರತಿಕೃತಿ ರೂಪದಲ್ಲಿ ಸತ್ಯವಾಗಿರಬೇಕು. ಯಾವುದು ಓಡಲು, ಯಾವುದು ತೋರಲು ಎಂದು ಮೊದಲೇ ನಿಶ್ಚಯಿಸುವುದೂ ವಿಜ್ಞಾನದ ಅಭ್ಯಾಸವೇ.

ನಮಗೆ ಮುಖ್ಯವೆನಿಸುವ ಸಂಗತಿಯೆಂದರೆ ಶಾಲೆಗಳ ವಿಜ್ಞಾನ ಪ್ರದರ್ಶನದ್ದು. ಅಲ್ಲಿ ಪೇಟೆಯಿಂದ ಕೊಂಡುತಂದ ಹೊಳೆಯುವ ಮಾದರಿಯ ಪಕ್ಕದಲ್ಲಿ, ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಪಟ್ಟಿ ಮಾಡಿದ ಹಳ್ಳಿಯ ಹುಡುಗಿಯ ಮಾದರಿ ಮಂಕಾಗಿ ಕಾಣುವುದು ಸಹಜ. ತೀರ್ಪುಗಾರರು ಹೊಳಪನ್ನು ನೋಡಿ ಅಂಕವಿತ್ತರೆ ಆ ಮಗು ಮುಂದಿನ ವರ್ಷ ಕತ್ತರಿಯನ್ನು ಕೆಳಗಿಡುತ್ತದೆ; ನಮ್ಮ ಕಾಲೇಜುಗಳಿಗೆ ಸೂತ್ರವನ್ನು ಬಲ್ಲ, ಆದರೆ ಸ್ಕ್ರೂ ತಿರುಗಿಸಲಾರದ ವಿದ್ಯಾರ್ಥಿಯೊಬ್ಬಳು ಹೆಚ್ಚುತ್ತಾಳೆ. ಆದ್ದರಿಂದ ತೀರ್ಪುಗಾರರು ಪ್ರತಿಯೊಂದು ಮಾದರಿಯ ಮುಂದೆಯೂ ಎರಡು ಪ್ರಶ್ನೆಗಳನ್ನು ಕೇಳಲೆಂದು ನಮ್ಮ ವಿನಂತಿ: ಎಲ್ಲಿ ಅಂಟಿಸಿದೆ? ಏಕೆ ಅಂಟಿಸಿದೆ? ಉತ್ತರ ಬಲ್ಲ ಕೈಗೆ ಬಹುಮಾನ ಸಲ್ಲಲಿ.