‘ಔಟ್‌ಸ್ಟ್ಯಾಂಡಿಂಗ್’: ಹೊಗಳಿಕೆಯೋ, ಬಾಕಿಯೋ?

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಶಾಲು, ಫಲಪುಷ್ಪ, ಸ್ಮರಣಿಕೆಗಳ ಜತೆಗೆ ತಪ್ಪದೆ ಕಾಣಿಸಿಕೊಳ್ಳುವ ಇನ್ನೊಂದು ವಸ್ತುವೆಂದರೆ ‘ಔಟ್‌ಸ್ಟ್ಯಾಂಡಿಂಗ್’ ಎಂಬ ಇಂಗ್ಲಿಷ್ ವಿಶೇಷಣ. ದಾನಿಗಳ ಸ್ಮರಣಿಕೆಯ ಮೇಲೆ ‘ಔಟ್‌ಸ್ಟ್ಯಾಂಡಿಂಗ್ ಕಾಂಟ್ರಿಬ್ಯೂಷನ್’, ಮಕ್ಕಳ ಪ್ರತಿಭಾ ಪುರಸ್ಕಾರ ಪತ್ರದಲ್ಲಿ ‘ಔಟ್‌ಸ್ಟ್ಯಾಂಡಿಂಗ್ ಸ್ಟೂಡೆಂಟ್’. ಕೆಲವು ತಿಂಗಳ ನಂತರ ಅದೇ ಸಂಘದ ಮಹಾಸಭೆಯಲ್ಲಿ ಕೋಶಾಧಿಕಾರಿಯವರು ಲೆಕ್ಕಪತ್ರ ಮಂಡಿಸುವಾಗ ಇದೇ ಪದ ಮತ್ತೊಮ್ಮೆ ಬರುತ್ತದೆ. ಆಗ ಮಾತ್ರ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಒಂದೇ ಪದಕ್ಕೆ ಎರಡು ಮುಖ ಹೇಗೆ ಬಂತು? ‘ಔಟ್’ ಎಂದರೆ ಹೊರಗೆ, ‘ಸ್ಟ್ಯಾಂಡ್’ ಎಂದರೆ ನಿಲ್ಲು. ಹತ್ತು ಜನರ ಸಾಲಿನಿಂದ ಮುಂದೆ ಬಂದು ನಿಂತವನು ಕಣ್ಣಿಗೆ ಬೀಳುತ್ತಾನೆ. ಅದೇ ಹೊಗಳಿಕೆಯ ಅರ್ಥ. ಕನ್ನಡದಲ್ಲಿಯೂ ನಾವು ‘ಎದ್ದು ಕಾಣುವ ಸಾಧನೆ’ ಎನ್ನುತ್ತೇವಲ್ಲವೇ? ಇನ್ನು ಲೆಕ್ಕದ ಪುಸ್ತಕದಲ್ಲಿ ತೀರಿ ಹೋಗದೆ ಉಳಿದ ಮೊತ್ತವೂ ನಿಂತೇ ಇರುತ್ತದೆ. ‘ಬಾಕಿ ನಿಂತಿದೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ. ಹೀಗಾಗಿ ಈ ಪದ ಕನ್ನಡಿಗರಿಗೆ ಅಷ್ಟೇನೂ ಅಪರಿಚಿತವಲ್ಲ.

ಯಾವ ಅರ್ಥ ಎಂಬುದನ್ನು ತಿಳಿಯಲು ಪದದ ಜತೆಗಾರನನ್ನು ನೋಡಬೇಕು. ಪ್ರತಿಭೆ, ಸೇವೆ, ಆಟ, ನಟನೆ ಜತೆಗಿದ್ದರೆ ಅದು ಹೊಗಳಿಕೆ. ಸಾಲ, ಚೆಕ್, ಬಿಲ್, ಖರ್ಚು ಜತೆಗಿದ್ದರೆ ಬಾಕಿ. ‘ಔಟ್‌ಸ್ಟ್ಯಾಂಡಿಂಗ್ ಚೆಕ್’ ಎಂದರೆ ಶ್ರೇಷ್ಠವಾದ ಚೆಕ್ ಅಲ್ಲ. ಕೊಟ್ಟಾಗಿದೆ, ಆದರೆ ಇನ್ನೂ ಬ್ಯಾಂಕಿನಲ್ಲಿ ಪಾವತಿಯಾಗಿಲ್ಲ ಎಂದರ್ಥ. ‘ಔಟ್‌ಸ್ಟ್ಯಾಂಡಿಂಗ್ ವರ್ಕ್’ ಎಂಬಲ್ಲಿ ಮಾತ್ರ ಎಚ್ಚರ ಬೇಕು. ಅದು ಅತ್ಯುತ್ತಮ ಕೆಲಸವೂ ಆಗಬಹುದು, ಮುಗಿಯದೆ ಉಳಿದ ಕೆಲಸವೂ ಆಗಬಹುದು. ನೌಕರಿಯ ಅರ್ಜಿ ಬರೆಯುವ ನಮ್ಮ ಯುವಕ-ಯುವತಿಯರು ಇದನ್ನು ಗಮನಿಸುವುದು ಒಳ್ಳೆಯದು. ಪದ ತಾನೇ ಮೇಲ್ಮಟ್ಟದ್ದಾದುದರಿಂದ ಅದರ ಹಿಂದೆ ‘ವೆರಿ’ ಸೇರಿಸುವ ಅಗತ್ಯವೂ ಇಲ್ಲ.

ಅರ್ಥ ತಿಳಿಯದಿದ್ದರೆ ಬರೀ ನಗೆಪಾಟಲು ಮಾತ್ರವಲ್ಲ, ಅನಗತ್ಯ ಆತಂಕವೂ ಉಂಟಾಗುತ್ತದೆ. ಹೋಟೆಲಿನಲ್ಲಿ ದುಡಿದು, ಉಪನಗರದಲ್ಲೊಂದು ಮನೆಗಾಗಿ 20 ಲಕ್ಷ ರೂಪಾಯಿ ಸಾಲ ಮಾಡಿದ ಒಬ್ಬರಿಗೆ ‘ಔಟ್‌ಸ್ಟ್ಯಾಂಡಿಂಗ್ 18 ಲಕ್ಷ’ ಎಂಬ ಪತ್ರ ಬಂತೆಂದುಕೊಳ್ಳೋಣ. ಅವರು ತಪ್ಪಿತಸ್ಥರೇನೂ ಅಲ್ಲ. ಕಂತು ಸರಿಯಾಗಿ ಕಟ್ಟುವವರಿಗೂ ತೀರಿಸಲು ಉಳಿದ ಅಸಲು ಔಟ್‌ಸ್ಟ್ಯಾಂಡಿಂಗೇ. ಹೆದರಬೇಕಾದ ಪದ ‘ಓವರ್‌ಡ್ಯೂ’, ಅಂದರೆ ಗಡುವು ಮೀರಿದ್ದು. ಅಸಲು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಕಾಲ ಗಡುವು ಮೀರಿ ಉಳಿದರೆ ಬ್ಯಾಂಕು ಆ ಸಾಲವನ್ನು ಅನುತ್ಪಾದಕ ಆಸ್ತಿಯೆಂದು ವರ್ಗೀಕರಿಸುತ್ತದೆ. ಒಂದು ಪದ ಬರೀ ಲೆಕ್ಕ ಹೇಳುತ್ತದೆ, ಇನ್ನೊಂದು ಎಚ್ಚರಿಕೆ ನೀಡುತ್ತದೆ. ಈ ವ್ಯತ್ಯಾಸವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಹೊಗಳಿಕೆಗೂ ಮೆಟ್ಟಿಲುಗಳಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗ ಶಿಫಾರಸು ಮಾಡಿದ ಹತ್ತು ಅಂಕಗಳ ಶ್ರೇಣಿಯಲ್ಲಿ ‘ಔಟ್‌ಸ್ಟ್ಯಾಂಡಿಂಗ್’ಗೆ 10, ‘ಎಕ್ಸಲೆಂಟ್’ಗೆ 9, ‘ವೆರಿ ಗುಡ್’ಗೆ 8, ‘ಗುಡ್’ಗೆ 7. ಸರಕಾರಿ ನೌಕರರ ಗೋಪ್ಯ ವರದಿಗಳಲ್ಲಿಯೂ ಇಂಥದೇ ಮೆಟ್ಟಿಲುಗಳು. ಗಡಿ ರಸ್ತೆ ಸಂಸ್ಥೆಯ ಒಬ್ಬ ಎಂಜಿನಿಯರ್‌ಗೆ ಒಂದು ವರ್ಷದ ವರದಿಯಲ್ಲಿ ‘ಗುಡ್’ ಎಂದು ಬರೆಯಲಾಗಿತ್ತು. ಬಡ್ತಿಗೆ ‘ವೆರಿ ಗುಡ್’ ಬೇಕಿತ್ತು. ಆ ನಮೂದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ, ಬಡ್ತಿ ಕೈತಪ್ಪಿತು. ಬಡ್ತಿಗೆ ಅಡ್ಡಿಯಾಗುವುದಾದರೆ ‘ಗುಡ್’ ಕೂಡ ಪ್ರತಿಕೂಲ ನಮೂದೇ ಎಂದ ಸುಪ್ರೀಂ ಕೋರ್ಟ್, ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು 2008ರಲ್ಲಿ ತೀರ್ಪಿತ್ತಿತು. ಒಂದು ವಿಶೇಷಣ ಒಬ್ಬನ ಬದುಕಿನ ದಾರಿಯನ್ನೇ ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟು ತೂಕದ ಪದವನ್ನು ನಮ್ಮ ವೇದಿಕೆಗಳು ಹೂವಿನ ಪಕಳೆಯಂತೆ ಎರಚುತ್ತಿರುವುದು ವಿಷಾದದ ಸಂಗತಿ. ವೇದಿಕೆಯ ಮೇಲಿರುವ ಹದಿನೈದು ಮಂದಿಯೂ ‘ಔಟ್‌ಸ್ಟ್ಯಾಂಡಿಂಗ್’ ಆದರೆ ಎದ್ದು ಕಾಣುವವರು ಯಾರು? ಇಪ್ಪತ್ತು ವರ್ಷ ಸದ್ದಿಲ್ಲದೆ ಸಂಘದ ಲೆಕ್ಕ ಬರೆದವರಿಗೂ ಮೊನ್ನೆ ಮೊನ್ನೆ ಸದಸ್ಯರಾದವರಿಗೂ ಒಂದೇ ವಾಕ್ಯದ ಸ್ಮರಣಿಕೆ ಸಿಕ್ಕಿದರೆ ಮೊದಲಿನವರಿಗೆ ಆಗುವುದು ಸಮ್ಮಾನವಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಮೈಕ್ ಮುಂದೆ ದೇಣಿಗೆ ಘೋಷಿಸಿ, ಶಾಲು ಹೊದೆದು, ಫೋಟೋ ತೆಗೆಸಿಕೊಂಡು ಹೋದವರಲ್ಲಿ ಕೆಲವರ ಹಣ ವರ್ಷ ಕಳೆದರೂ ಬಂದಿರುವುದಿಲ್ಲ. ಅವರ ಸ್ಮರಣಿಕೆಯಲ್ಲಿಯೂ ‘ಔಟ್‌ಸ್ಟ್ಯಾಂಡಿಂಗ್ ಕಾಂಟ್ರಿಬ್ಯೂಷನ್’, ಕೋಶಾಧಿಕಾರಿಯವರ ಪುಸ್ತಕದಲ್ಲಿಯೂ ‘ಔಟ್‌ಸ್ಟ್ಯಾಂಡಿಂಗ್ ಕಾಂಟ್ರಿಬ್ಯೂಷನ್’! ನಗು ಬರಬಹುದು. ಆದರೆ ಆ ಹಣವನ್ನು ನಂಬಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಬಡ ಮಗುವಿಗೆ, ಶುಲ್ಕ ಕಟ್ಟುವ ಕೊನೆಯ ದಿನ ಸಮೀಪಿಸಿದಾಗ, ನಗು ಬರುವುದಿಲ್ಲ.

ಆದುದರಿಂದ ಸಂಘಗಳ ಪದಾಧಿಕಾರಿಗಳು ಎರಡು ಸಣ್ಣ ಕೆಲಸ ಮಾಡಬಹುದು. ಮೊದಲನೆಯದು, ಸ್ಮರಣಿಕೆಯಲ್ಲಿ ವಿಶೇಷಣದ ಬದಲು ಅವರು ಮಾಡಿದ ಕೆಲಸವನ್ನೇ ಬರೆಸುವುದು, ಅದನ್ನೂ ಕನ್ನಡದಲ್ಲಿ. ‘ಹನ್ನೆರಡು ವರ್ಷ ಭಾನುವಾರ ಕನ್ನಡ ತರಗತಿ ನಡೆಸಿದವರು’ ಎಂಬ ಸಾಲಿಗಿಂತ ದೊಡ್ಡ ಹೊಗಳಿಕೆ ಯಾವ ಇಂಗ್ಲಿಷ್ ನಿಘಂಟಿನಲ್ಲಿಯೂ ಸಿಗದು. ಎರಡನೆಯದು, ದೇಣಿಗೆ ಕೈಸೇರಿ ರಸೀದಿ ಹರಿದ ಮೇಲಷ್ಟೇ ಶಾಲು ಹೊದಿಸುವುದು. ಹಾಗೆ ಮಾಡಿದರೆ ಆ ಇಂಗ್ಲಿಷ್ ಪದಕ್ಕೆ ವೇದಿಕೆಯ ಮೇಲೆ ಅದರ ಮರ್ಯಾದೆ ಉಳಿಯುತ್ತದೆ, ಲೆಕ್ಕದ ಪುಸ್ತಕದಲ್ಲಿ ಅದರ ಕೆಲಸವೂ ಕಡಿಮೆಯಾಗುತ್ತದೆ.