ಬಂಜೆತನದ ಅಪವಾದವೂ ಸಮಾಜದ ಹೊಣೆಯೂ

‘ಬಂಜೆಗೇನು ಗೊತ್ತು ಹೆರಿಗೆಯ ಬೇನೆ’ ಎಂಬ ಗಾದೆಯನ್ನು ಕನ್ನಡಿಗರು ತಲೆತಲಾಂತರದಿಂದ ಆಡುತ್ತ ಬಂದಿರುವರು. ಬಂಜೆಯೆನಿಸಿಕೊಂಡವಳ ಬೇನೆಯು ಹೆತ್ತವರಿಗೇನು ಗೊತ್ತೆಂದು ತಿರುಗಿ ಕೇಳುವವರು ಮಾತ್ರ ವಿರಳ. ಹೆರಿಗೆಯ ಬೇನೆಗೆ ಅಂತ್ಯವುಂಟು. ಈ ಬೇನೆಯಾದರೋ ತಿಂಗಳು ತಿಂಗಳಿಗೂ ಹೊಸದಾಗುವಂಥದು. ಅದಕ್ಕೆ ಸೂಲಗಿತ್ತಿಯುಂಟು, ತವರುಂಟು, ನೆರೆಹೊರೆಯುಂಟು, ಇದಕ್ಕೆ ಯಾರಿದ್ದಾರೆ?

ರಾಯಚೂರು ತಾಲೂಕಿನ ಚಂದ್ರಬಂಡ ಹೋಬಳಿಯ ಯಾವುದಾದರೊಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಮದುವೆಯಾಗಿ ಎರಡು ವರ್ಷ ಕಳೆಯುವದರೊಳಗಾಗಿ ‘ಏನವ್ವಾ, ಇನ್ನೂ ಏನೂ ಇಲ್ಲೇನು?’ ಎಂಬ ಪ್ರಶ್ನೆಯು ಬಾವಿಕಟ್ಟೆಯಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ, ಜಾತ್ರೆಯಲ್ಲಿ ಸೊಸೆಯನ್ನು ಬೆನ್ನಟ್ಟುವದು. ಓರಗಿತ್ತಿಯ ಕುಬಸಕ್ಕೆ ಎಲ್ಲರಿಗೂ ಕರೆ ಹೋಗುವದು. ಇವಳಿಗೆ ಅಡಿಗೆಮನೆಯ ಕೆಲಸ ತೋರಿಸಲಾಗುವದು. ಉಡಿ ತುಂಬುವ ಸಾಲಿನಲ್ಲಿ ಇವಳ ಕೈಗೆ ಅರಿಷಿಣ ಕುಂಕುಮದ ತಟ್ಟೆಯು ಬಾರದು. ಇಷ್ಟನ್ನೆಲ್ಲ ಮಾಡಿದ ಮೇಲೆ ‘ಮನಸ್ಸಿಗೆ ಹಚ್ಚಿಕೋಬೇಡ’ ಎಂದು ಅವಳಿಗೇ ಬುದ್ಧಿವಾದ ಹೇಳುವರು! ಗಾಯ ಮಾಡಿದ ಕೈಯೇ ಗಾಯವನ್ನು ಮರೆಯೆಂದು ಬೆನ್ನು ತಟ್ಟುವದೆಂದರೆ ಇದೇ.

ಮೊದಲನೆಯದಾಗಿ, ಈ ಅಪವಾದಕ್ಕೆ ಆಧಾರವೇ ಇಲ್ಲ. ಒಂದು ವರ್ಷ ದಾಂಪತ್ಯ ನಡೆದೂ ಗರ್ಭ ನಿಲ್ಲದಿದ್ದರೆ ಅದು ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವದು, ಪಾಪವೆಂದಲ್ಲ. ಲೋಕದಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಆಯುಷ್ಯದಲ್ಲೊಮ್ಮೆ ಇದಕ್ಕೆ ಗುರಿಯಾಗುವರೆಂದು ಅದೇ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ಕಾರಣವು ಸ್ತ್ರೀಯಲ್ಲಿರಬಹುದು, ಪುರುಷನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಕೆಲವೊಮ್ಮೆ ಯಾರಲ್ಲಿಯೂ ಕಾಣದೆ ಹೋಗಬಹುದು. ಪುರುಷನ ವೀರ್ಯಪರೀಕ್ಷೆಯು ಸುಲಭವಾದದ್ದು, ಅಲ್ಪವ್ಯಯದ್ದು, ನೋವಿಲ್ಲದ್ದು. ಆದರೂ ಎಷ್ಟೋ ಮನೆಗಳಲ್ಲಿ ಸೊಸೆಯು ಹರಕೆ, ಉಪವಾಸ, ಗುಳಿಗೆ, ಸೂಜಿಗಳೆಲ್ಲವನ್ನೂ ವರ್ಷಗಟ್ಟಲೆ ಅನುಭವಿಸಿದ ಮೇಲೆಯೇ ಮಗನು ಆಸ್ಪತ್ರೆಯ ಮೆಟ್ಟಿಲು ಹತ್ತುವನು. ಹತ್ತುವ ಮೊದಲೇ ಅವನಿಗೆ ಎರಡನೆಯ ಮದುವೆಯ ಮಾತೂ ಹುಟ್ಟಿರುವದು. ಪರೀಕ್ಷೆಗೆ ಹೆದರುವ ಪೌರುಷವು ಎಂಥ ಪೌರುಷ?

ಚಿಕಿತ್ಸೆಯಾದರೂ ಸುಖದ ದಾರಿಯಲ್ಲ. ಪ್ರನಾಳ ಶಿಶುವಿನ ವಿಧಾನದಲ್ಲಿ ಹತ್ತು ಹನ್ನೆರಡು ದಿನ ನಿತ್ಯವೂ ಸೂಜಿಮದ್ದು, ನಡುನಡುವೆ ಸ್ಕ್ಯಾನಿಂಗ್, ಮುಂದೆ ಅಂಡಗಳನ್ನು ಹೊರತೆಗೆಯುವದು, ಭ್ರೂಣವನ್ನು ಗರ್ಭದಲ್ಲಿರಿಸುವದು, ಆಮೇಲೆ ರಕ್ತಪರೀಕ್ಷೆಯ ವರೆಗೆ ಸುಮಾರು ಎರಡು ವಾರಗಳ ಕಾಯುವಿಕೆ. ಒಂದು ಸರದಿಗೆ ಲಕ್ಷಕ್ಕೆ ಮೀರಿ ವೆಚ್ಚ. ಹೀಗಿದ್ದರೂ ಅರ್ಧಕ್ಕಿಂತ ಹೆಚ್ಚು ಸರದಿಗಳು ಫಲಿಸವು. ಕೂಲಿ ಬಿಟ್ಟು, ಸಾಲ ಮಾಡಿ, ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬರಿಗೈಲಿ ಮರಳಿದವಳನ್ನು ಊರಬಾಗಿಲಲ್ಲಿ ಸಾಂತ್ವನವು ಎದುರುಗೊಳ್ಳುವದಿಲ್ಲ. ‘ರೊಕ್ಕ ಹಾಳಾಯಿತು’ ಎಂಬ ಲೆಕ್ಕವು ಎದುರುಗೊಳ್ಳುವದು.

‘ಅವಳು ಚಿಂತೆ ಮಾಡಿದ್ದರಿಂದಲೇ ಗರ್ಭ ನಿಲ್ಲಲಿಲ್ಲ’ ಎನ್ನುವ ಪಂಡಿತರೂ ಇರುವರು. 14 ಅಧ್ಯಯನಗಳಲ್ಲಿ 3,583 ಸ್ತ್ರೀಯರ ವೃತ್ತಾಂತಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು, ಚಿಕಿತ್ಸೆಗೆ ಮುನ್ನ ಇದ್ದ ಮನೋವ್ಯಥೆಗೂ ಆ ಸರದಿಯು ಫಲಿಸುವದಕ್ಕೂ ಸಂಬಂಧವು ಕಾಣಲಿಲ್ಲವೆಂದು 2011ರಲ್ಲಿಯೇ ತಿಳಿಸಿರುವರು. ದೇಹದ ದೋಷವನ್ನು ಹೊರಿಸಲಾಗದೆ ಮನಸ್ಸಿನ ದೋಷವನ್ನು ಹೊರಿಸುವ ಈ ಜಾಣತನವು ಹಳೆಯ ಅಪವಾದದ ಹೊಸ ವೇಷವೇ ಸರಿ. ಅವಳ ದುಃಖವನ್ನು ಶಮನಗೊಳಿಸಬೇಕಾದದ್ದು ಅದು ಗರ್ಭವನ್ನು ಕೆಡಿಸೀತೆಂಬ ಭಯದಿಂದಲ್ಲ, ಅದು ದುಃಖವಾದುದರಿಂದ.

ಇನ್ನು ಕೆಲವರು ‘ದೇಶದಲ್ಲಿ ಜನ ಹೆಚ್ಚಾಗಿರುವಾಗ ಇದೊಂದು ಚಿಂತೆಯೇ?’ ಎನ್ನುವರು. ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸಂಸ್ಥಾನವು 1930ರಲ್ಲಿಯೇ ಆಜ್ಞೆ ಮಾಡಿತು. ಭಾರತ ಸರಕಾರವು 1952ರಲ್ಲಿ ಕುಟುಂಬಯೋಜನೆಯನ್ನು ಕೈಕೊಂಡಿತು. ಬೇಡವಾದಾಗ ಹೆರದಿರುವದು ಸರಕಾರದ ಕಾಳಜಿಯಾದರೆ, ಬೇಕಾದಾಗ ಹೆರಲಾಗದಿರುವದು ಏಕಾಂಗಿಯಾಗಿ ಅಳುವವಳ ಸ್ವಂತ ವ್ಯವಹಾರವಾಗುವದು ಹೇಗೆ? ನೆರೆಯ ಗೋವೆಯು 2023ರಲ್ಲಿ ತನ್ನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲಾರಂಭಿಸಿತು. ಇಚ್ಛೆಯಿದ್ದಲ್ಲಿ ದಾರಿಯುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮತ್ತೆ ಕೆಲವರು ಸಾಲುಮರದ ತಿಮ್ಮಕ್ಕನವರ ಹೆಸರೆತ್ತುವರು. ಮಕ್ಕಳಿಲ್ಲದ ಆ ತಾಯಿಯು ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನ ದಾರಿಯಲ್ಲಿ ನೂರಾರು ಆಲದ ಗಿಡಗಳನ್ನು ನೀರೆರೆದು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಪಡೆದರು. 2025ರ ನವೆಂಬರಿನಲ್ಲಿ ಕಾಲವಾದರು. ಆ ಹಿರಿತನಕ್ಕೆ ನಾಡೇ ತಲೆಬಾಗಿತು, ನಿಜ. ಆದರೆ ಸಾಮಾನ್ಯ ಸ್ತ್ರೀಯೊಬ್ಬಳಿಗೆ ಸಾಮಾನ್ಯ ಮರ್ಯಾದೆ ದೊರೆಯಬೇಕಾದರೆ ನೂರಾರು ಮರಗಳನ್ನು ಬೆಳೆಸಿ ತೋರಿಸಬೇಕೇನು? ದತ್ತಕದ ಮಾತೂ ಹೀಗೆಯೇ. ಒಲವಿನಿಂದ ಕೈಕೊಂಡರೆ ಅದು ಪುಣ್ಯ. ಬಾಯಿ ಮುಚ್ಚಿಸಲು ಹೇಳಿದರೆ ಅದು ತೀರ್ಪು.

2021ರ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನ ಕಾಯಿದೆಯು, ಚಿಕಿತ್ಸೆಯ ಫಲಾಫಲಗಳನ್ನೂ ವೆಚ್ಚವನ್ನೂ ಕುರಿತು ದಂಪತಿಗಳಿಗೆ ಆಪ್ತಸಮಾಲೋಚನೆಯನ್ನು ಒದಗಿಸಬೇಕೆಂದು ಚಿಕಿತ್ಸಾಲಯಗಳಿಗೆ ವಿಧಿಸಿದೆ. ಒಳ್ಳೆಯದೇ. ಆದರೆ ಚಿಕಿತ್ಸಾಲಯದ ಮಾತು ಗಳಿಗೆ ಹೊತ್ತಿನದು, ಮನೆಯ ಮಾತು ದಿನವೆಲ್ಲದ್ದು. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳಿಗೆ ಮುಟ್ಟಿಸುವ ಬಗೆಯನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ಪ್ರಯೋಗಿಸಿತು. 1996ರಲ್ಲಿ ದೇಶವೇ ಅದನ್ನು ಮಾದರಿಯಾಗಿ ಹಿಡಿಯಿತು. ಆ ವ್ಯವಸ್ಥೆಯ ಆಪ್ತಸಲಹೆಯು ಈ ಸ್ತ್ರೀಯರಿಗೂ ತಾಲೂಕಿನಲ್ಲಿಯೇ ಸಿಗಬೇಕು. ದಂಪತಿಗಳಿಬ್ಬರ ಪರೀಕ್ಷೆಯೂ ಒಂದೇ ದಿನ ಆರಂಭವಾಗಬೇಕು. ಸಾಕೆನಿಸಿದ ದಿನ ಚಿಕಿತ್ಸೆಯನ್ನು ನಿಲ್ಲಿಸುವ ಅಧಿಕಾರವು ಅವಳದೇ ಆಗಿರಬೇಕು.

ಇವೆಲ್ಲಕ್ಕೂ ಹಣವೂ ಕಾಲವೂ ಬೇಕೆನ್ನಬಹುದು. ಆದರೆ ಮುಂದಿನ ಕುಬಸದಲ್ಲಿ ಅವಳನ್ನು ಅಡಿಗೆಮನೆಯಿಂದ ಕರೆದು, ಅವಳ ಕೈಯಿಂದಲೇ ಬಸುರಿಯ ಉಡಿ ತುಂಬಿಸುವದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಬೇಕಾದದ್ದು ಒಬ್ಬ ಅತ್ತೆಯ ಧೈರ್ಯ.