ಚಿಟ್ಟೆಯ ಬೆನ್ನುಹತ್ತಿದ ವಿದೂಷಕ

ಈ ಕಥೆಯನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ. ವೈದ್ಯರ ಬಳಿಗೆ ಒಬ್ಬ ಬರುತ್ತಾನೆ. ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಾನೆ. ವೈದ್ಯರು ನಾಡಿ ಹಿಡಿದು ನೋಡಿ, ಮೈಯಲ್ಲಿ ಏನೂ ರೋಗವಿಲ್ಲಪ್ಪ, ಊರಿನಲ್ಲಿ ಗ್ರಿಮಾಲ್ಡಿ ಎಂಬ ವಿದೂಷಕನ ಆಟ ನಡೆಯುತ್ತಿದೆ, ಒಂದು ಸಲ ಹೋಗಿ ನೋಡು, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಬಂದವನು ತಲೆ ತಗ್ಗಿಸಿ, ಆ ಗ್ರಿಮಾಲ್ಡಿ ನಾನೇ ಸ್ವಾಮಿ ಎನ್ನುತ್ತಾನೆ.

ಗ್ರಿಮಾಲ್ಡಿಯ ಹೆಸರಿನ ಜಾಗದಲ್ಲಿ ಫ್ರಾನ್ಸಿನವರು ಡೆಬ್ಯೂರೋನನ್ನು ಕೂರಿಸಿದ್ದಾರೆ, ಸ್ವಿಟ್ಜರ್ಲೆಂಡಿನ ಗ್ರಾಕ್‌ನ ಮೇಲೂ ಇದೇ ಕಥೆಯಿದೆ. 1980ರ ದಶಕದಲ್ಲಿ 'ವಾಚ್‌ಮೆನ್' ಎಂಬ ಚಿತ್ರಕಥೆಯ ಪುಸ್ತಕದಲ್ಲಿ ಅದು ಪಾಲಿಯಾಚಿಯ ಹೆಸರಿನಲ್ಲಿ ಮತ್ತೆ ಬಂತು. ಇಷ್ಟು ಜನರ ಬಾಳಿನಲ್ಲಿ ಚಾಚೂತಪ್ಪದೆ ನಡೆದಿದೆ ಎಂದರೆ, ಯಾರ ಬಾಳಿನಲ್ಲೂ ನಡೆದಿರಲಾರದು. ಆದರೂ ಹಾಸ್ಯನಟರೊಬ್ಬರು ತೀರಿಕೊಂಡಾಗ ನಮ್ಮ ಕಚೇರಿಗೆ ಬರುವ ಶ್ರದ್ಧಾಂಜಲಿ ಲೇಖನಗಳಲ್ಲಿ ಬಹುಪಾಲಿನವು ಇದರ ತಮ್ಮಂದಿರೋ ತಂಗಿಯರೋ ಆಗಿರುತ್ತವೆ. ತಲೆಬರಹವಂತೂ ಸಿದ್ಧವಾಗಿಯೇ ಬರುತ್ತದೆ: 'ನಗುವಿನ ಹಿಂದಿನ ಕಣ್ಣೀರು.' ಒಬ್ಬ ಮನುಷ್ಯ ನಲವತ್ತು ವರ್ಷ ನಮ್ಮನ್ನು ನಗಿಸಿದ್ದಾನೆ ಎಂದರೆ ಮನೆಗೆ ಹೋಗಿ ಅತ್ತಿರಲೇಬೇಕು, ಇಲ್ಲದಿದ್ದರೆ ಲೆಕ್ಕ ಸರಿಹೊಂದುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತು? ಹುಡುಕಿಕೊಂಡು ಹೋದರೆ ಎರಡು ಶತಮಾನದ ಹಿಂದಿನ ಲಂಡನ್ನಿನಲ್ಲಿ, ಒಬ್ಬ ಸಂಪಾದಕನ ಮೇಜಿನ ಮುಂದೆ ನಿಲ್ಲುತ್ತೇವೆ. ವೃತ್ತಿಬಾಂಧವನ ಕೈವಾಡವಾದ್ದರಿಂದ ಈ ಅಂಕಣದಲ್ಲಿ ಅದನ್ನು ಹೇಳಿಕೊಳ್ಳುವುದೇ ಸರಿ.

ಜೋಸೆಫ್ ಗ್ರಿಮಾಲ್ಡಿ ಹುಟ್ಟಿದ್ದು 1778ರ ಡಿಸೆಂಬರಿನಲ್ಲಿ. ತಂದೆ ಇಟಲಿ ಮೂಲದ ನೃತ್ಯಗಾರ, ಮೂಕಾಭಿನಯದವನು, ಮಹಾ ಮುಂಗೋಪಿ. ಹುಡುಗನಿಗೆ ಮಾತು ನೆಟ್ಟಗೆ ಬರುವ ಮುಂಚೆಯೇ ಬಣ್ಣ ಹಚ್ಚಿದರು. ಕೋತಿಯ ವೇಷ ತೊಡಿಸಿ, ಸೊಂಟಕ್ಕೆ ಸರಪಳಿ ಕಟ್ಟಿ, ಅಪ್ಪ ರಂಗದ ಮೇಲೆ ಗಿರಗಿರನೆ ತಿರುಗಿಸುತ್ತಿದ್ದ. ಒಂದು ರಾತ್ರಿ ಸರಪಳಿ ತುಂಡಾಯಿತು. ಮಗು ಹಾರಿ ಹೋಗಿ ಪ್ರೇಕ್ಷಕರ ನಡುವೆ ಒಬ್ಬ ಮುದುಕರ ಮೇಲೆ ಬಿದ್ದು ಬದುಕಿಕೊಂಡಿತು.

ಈ ತಂದೆಗೆ ಸಾವಿನ ಭಯ ವಿಪರೀತ. ಜೀವಂತ ಹೂತುಬಿಟ್ಟಾರು ಎಂಬ ಅಂಜಿಕೆಯಿಂದ, ತಾನು ಸತ್ತ ಮೇಲೆ ತಲೆ ಕಡಿದೇ ಹೂಳಬೇಕು ಎಂದು ಉಯಿಲಿನಲ್ಲಿ ಬರೆಸಿಟ್ಟಿದ್ದನಂತೆ. ತನ್ನ ಮೇಲೆ ಮಕ್ಕಳಿಗೆ ಪ್ರೀತಿ ಇದೆಯೋ ಇಲ್ಲವೋ ನೋಡಲು ಒಮ್ಮೆ ಸತ್ತಂತೆ ಮಲಗಿದ. ಕೋಣೆಯನ್ನು ಕತ್ತಲು ಮಾಡಿ, ಮೈಮೇಲೆ ಬಿಳಿ ಬಟ್ಟೆ ಹೊದಿಸಿ, ಆಳಿನ ಕೈಯಲ್ಲಿ ಮಕ್ಕಳನ್ನು ಕರೆಸಿದರು. ಕಿರಿಯ ಮಗ ಜಾನ್, ಪಾಪ, ಸುದ್ದಿಯನ್ನು ನಂಬಿಬಿಟ್ಟ. ಪೀಡೆ ತೊಲಗಿತು ಎಂದು ಕುಣಿದಾಡಿದ. ಹಿರಿಯವನು ಜೋಸೆಫ್. ಅವನಿಗೆ ಅಪ್ಪನ ಆಟಗಳು ಗೊತ್ತು. ನೆಲದ ಮೇಲೆ ಬಿದ್ದು ಹೊರಳಾಡಿ ಗೋಳೋ ಎಂದು ಅತ್ತ. 'ಹೆಣ' ಚಂಗನೆ ನೆಗೆದು ಜಾನ್‌ಗೆ ಚೆನ್ನಾಗಿ ಬಾರಿಸಿತು. ಜೋಸೆಫ್ ಅಷ್ಟರಲ್ಲಿ ಕಲ್ಲಿದ್ದಲಿನ ಗೂಡಿನಲ್ಲಿ ಅಡಗಿ ನಿದ್ದೆ ಹೋಗಿದ್ದ. ಹುಡುಕಿ ತಂದು, ಪ್ರೀತಿಯ ಮಗ ಎಂದು ಅಪ್ಪಿಕೊಂಡರು.

ಅವನ ಆತ್ಮಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. ನಗುವನ್ನು ರಂಗಕ್ಕೆ, ಅಳುವನ್ನು ಮನೆಗೆ ಹಂಚಿಕೊಡುವವರು ಇದನ್ನು ಓದಿ ಉತ್ತರ ಹೇಳಲಿ. ಇಲ್ಲಿ ಮನೆಯೊಳಗೆ ಕಂಡ ಅಳುವೇ ನಟನೆ. ನಿಜವಾಗಿದ್ದದ್ದು ಪೆಟ್ಟು ತಿಂದ ಹುಡುಗನ ಕುಣಿತ ಮಾತ್ರ.

ಅಪ್ಪ ನಿಜವಾಗಿ ಸತ್ತದ್ದು 1788ರಲ್ಲಿ, ಜೋಸೆಫ್‌ಗೆ ಒಂಬತ್ತು ವರ್ಷ. ಅಲ್ಲಿಂದ ಮುಂದೆ ದುಡಿಮೆ. ಒಂದೇ ಸಂಜೆ ಸ್ಯಾಡ್ಲರ್ಸ್ ವೆಲ್ಸ್ ಥಿಯೇಟರಿನಲ್ಲಿ ಒಂದು ಪಾತ್ರ ಮುಗಿಸಿ, ಬಣ್ಣ ಒರೆಸಿಕೊಳ್ಳುತ್ತ ಡ್ರೂರಿ ಲೇನ್‌ಗೆ ಓಡಿ ಮತ್ತೊಂದು ಪಾತ್ರ. 1800ರಲ್ಲಿ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ವಿದೂಷಕನ ಮುಖವನ್ನೇ ಅವನು ಬದಲಿಸಿದ. ಮುಖ ಪೂರ್ತಿ ಬಿಳಿ, ಕೆನ್ನೆಗಳ ಮೇಲೆ ಕೆಂಪು ತ್ರಿಕೋನ, ಕಣ್ಣು ಕೋರೈಸುವ ಅಂಗಿ. ಇವತ್ತು ಸರ್ಕಸ್ಸಿನಲ್ಲಿ ನಾವು ನೋಡುವ ಜೋಕರ್ ಮುಖದ ಮೂಲ ಅದೇ. ಇಂಗ್ಲಿಷರು ಈಗಲೂ ವಿದೂಷಕರನ್ನು ಅವನ ಹೆಸರಿನಿಂದ 'ಜೋಯಿ' ಎಂದೇ ಕರೆಯುತ್ತಾರೆ. 1806ರ ಕ್ರಿಸ್‌ಮಸ್ ಹೊತ್ತಿಗೆ ಕವೆಂಟ್ ಗಾರ್ಡನ್‌ನಲ್ಲಿ ಆರಂಭವಾದ 'ಮದರ್ ಗೂಸ್' 92 ಪ್ರದರ್ಶನ ಕಂಡಿತು. 'ಹಾಟ್ ಕಾಡ್ಲಿನ್ಸ್' ಎಂಬ ಅವನ ಹಾಡಿನಲ್ಲಿ, ಸುಟ್ಟ ಸೇಬು ಮಾರುವ ಮುದುಕಿ ಏನು ಕುಡಿದಳು ಎಂಬಲ್ಲಿಗೆ ಬಂದು ಅವನು ತುಟಿ ಮುಚ್ಚುತ್ತಿದ್ದ. ಥಿಯೇಟರಿಗೆ ಥಿಯೇಟರೇ 'ಜಿನ್!' ಎಂದು ಕೂಗುತ್ತಿತ್ತು. ಆಗ ಅವನು, ನೀವು ಇಂಥವರೆಂದು ತಿಳಿದಿರಲಿಲ್ಲ ಎಂಬಂತೆ ಮುಖ ಮಾಡುತ್ತಿದ್ದ.

ದುಃಖ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹೊಸ ಮುಖ ಬರೆದುಕೊಂಡ ಅದೇ 1800ರ ಅಕ್ಟೋಬರಿನಲ್ಲಿ, ಮದುವೆಯಾಗಿ ಎರಡು ವರ್ಷವೂ ಆಗದ ಹೆಂಡತಿ ಮರಿಯಾ ಹೆರಿಗೆಯಲ್ಲಿ ತೀರಿಕೊಂಡಳು. ಮುಂದೆ ಎರಡನೆಯ ಮದುವೆಯಲ್ಲಿ ಹುಟ್ಟಿದ ಒಬ್ಬನೇ ಮಗ ತಂದೆಯಂತೆಯೇ ವಿದೂಷಕನಾದ, ಕುಡಿತಕ್ಕೆ ಬಿದ್ದ, 1832ರಲ್ಲಿ ಮೂವತ್ತರ ವಯಸ್ಸಿಗೇ ಸತ್ತ. ತನ್ನ ಹೆಸರಿನ ಮೇಲೆಯೇ ಶ್ಲೇಷೆ ಕಟ್ಟಿ, ಹಗಲೆಲ್ಲ ಮಂಕು, ರಾತ್ರಿ ನಿಮ್ಮ ನಗು ಎಂಬರ್ಥದ ಮಾತನ್ನು ಗ್ರಿಮಾಲ್ಡಿಯೇ ಹೇಳುತ್ತಿದ್ದನಂತೆ. ಕೊಳ್ಳುವವರಿಗೆ ಬೇಕಾದ ಸರಕು ಯಾವುದೆಂದು ಅವನಿಗೂ ತಿಳಿದಿತ್ತು.

ಆದರೆ ಅವನ ಖಾಸಗಿ ಬದುಕು ಎಂದು ನಾನು ಕರೆಯುವುದು ಬೇರೆಯದನ್ನು. ಯೌವನದಲ್ಲಿ ಅವನಿಗೆ ಚಿಟ್ಟೆಯ ಹುಚ್ಚಿತ್ತು. ಹಿಡಿದ ಹುಳು, ನೊಣ, ಚಿಟ್ಟೆಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ಜೋಡಿಸಿ ಸಾವಿರಾರು ಮಾದರಿಗಳನ್ನು ಕೂಡಿಹಾಕಿದ್ದ. ಲಂಡನ್ನಿನಿಂದ ಹದಿನೈದು ಮೈಲಿ ದೂರದ ಡಾರ್ಟ್‌ಫರ್ಡ್‌ನ ಸುತ್ತಮುತ್ತ ಒಂದು ಬಗೆಯ ನೀಲಿ ಚಿಟ್ಟೆ ಸಿಗುತ್ತಿತ್ತು. ರಾತ್ರಿ ಆಟ ಮುಗಿಸಿ, ಮನೆಯಲ್ಲಿ ಊಟ ಮಾಡಿ, ನಡುರಾತ್ರಿ ಕಳೆದ ಮೇಲೆ ನಡೆದುಕೊಂಡು ಹೊರಡುತ್ತಿದ್ದ. ಬೆಳಗಿನ ಜಾವ ಅಲ್ಲಿ ತಲುಪಿ, ಪರಿಚಯದವರ ಮನೆಯಲ್ಲಿ ತಿಂಡಿ ತಿಂದು, ಬಲೆ ಹಿಡಿದು ಹೊಲಗಳಲ್ಲಿ ಅಲೆದು, ಮತ್ತೆ ನಡೆದೇ ಲಂಡನ್ನಿಗೆ ಬಂದು ಸಂಜೆಯ ಆಟಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ. ಮೊದಲ ಸಲ ಹೆಚ್ಚೇನೂ ಸಿಗಲಿಲ್ಲ. ಮರುರಾತ್ರಿ ಮತ್ತೆ ಹೊರಟ.

ಮುಂದೊಂದು ದಿನ ಮನೆಗೆ ಕಳ್ಳರು ನುಗ್ಗಿದರು. ಬೇಕಾದ್ದನ್ನು ಒಯ್ದದ್ದಲ್ಲದೆ ಚಿಟ್ಟೆಯ ಪೆಟ್ಟಿಗೆಗಳನ್ನೂ ಒಡೆದು ಪುಡಿ ಮಾಡಿದ್ದರು. ಉಳಿದ ಬಲೆ, ಡಬ್ಬಿಗಳನ್ನು ಬೇಡಿದವರಿಗೆ ಕೊಟ್ಟುಬಿಟ್ಟ ಗ್ರಿಮಾಲ್ಡಿ ಆಮೇಲೆ ಪಾರಿವಾಳ ಸಾಕಿದ.

ಇದರಲ್ಲಿ ಕಣ್ಣೀರಿಲ್ಲ, ನಗೆಯೂ ಇಲ್ಲ. ರಂಗದ ಮೇಲಿನ ಜೋಯಿಗೂ ನೀಲಿ ಚಿಟ್ಟೆಗೂ ಯಾವ ಸಂಬಂಧವನ್ನೂ ಕಟ್ಟಲಾಗುವುದಿಲ್ಲ. ಹಾಗೆ ಕಟ್ಟಲಾಗದ್ದರಿಂದಲೇ ಅವನ ಹೆಸರು ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. ಹೊರಗಿನ ಮನುಷ್ಯನನ್ನು ತಲೆಕೆಳಗು ಮಾಡಿದರೆ ಒಳಗಿನ ಮನುಷ್ಯ ಸಿಕ್ಕುತ್ತಾನೆ ಎಂದು ನಾವು ತಿಳಿದಿದ್ದೇವೆ. ದಾನಿಯೆಂದರೆ ಮನೆಯಲ್ಲಿ ಜಿಪುಣ, ಖಳನಟ ಎಂದರೆ ಮನೆಯಲ್ಲಿ ಸಾಧು, ವಿದೂಷಕ ಎಂದರೆ ಮನೆಯಲ್ಲಿ ದುಃಖಿ. ಇಷ್ಟು ಸುಲಭದ ಸೂತ್ರ ಸಿಕ್ಕರೆ ಆ ಮನುಷ್ಯನ ಬಗ್ಗೆ ಒಂದಕ್ಷರವನ್ನೂ ವಿಚಾರಿಸದೆ ಲೇಖನ ಬರೆದು ಮುಗಿಸಬಹುದು. ಎಷ್ಟೋ ಜನ ಬರೆದು ಕಳಿಸುತ್ತಾರೆ ಕೂಡ.

ಸಂಪಾದಕನ ಮೇಜಿಗೆ ಬರುತ್ತೇನೆ. 1823ರ ಹೊತ್ತಿಗೆ ಗ್ರಿಮಾಲ್ಡಿಯ ಕೀಲುಗಳು ಕೈಕೊಟ್ಟಿದ್ದವು. ಎಳವೆಯಿಂದಲೂ ಬಿದ್ದು, ಎದ್ದು, ನೆಗೆದು, ಉರುಳಿ ದುಡಿದ ಮೈ ನಲವತ್ನಾಲ್ಕಕ್ಕೇ ಸವೆದುಹೋಗಿತ್ತು. ಕೊನೆಯ ದಿನಗಳ ಆಟದಲ್ಲಿ ಸೈಡ್‌ವಿಂಗಿನಲ್ಲಿ ಆಳುಗಳು ಕಾದು ನಿಲ್ಲುತ್ತಿದ್ದರು. ಅವನು ತತ್ತರಿಸುತ್ತ ಒಳಗೆ ಬಂದೊಡನೆ ಇಬ್ಬರು ಹಿಡಿದುಕೊಳ್ಳುವುದು, ಉಳಿದವರು ಸೆಟೆದುಕೊಂಡ ಕೈಕಾಲುಗಳನ್ನು ತಿಕ್ಕಿ ಸಡಿಲಗೊಳಿಸುವುದು, ಮತ್ತೆ ಅವನನ್ನು ಬೆಳಕಿಗೆ ದೂಡುವುದು. ಆಚೆ ಜನ ಇನ್ನೂ ಹಿಂದಿನ ದೃಶ್ಯಕ್ಕೇ ನಗುತ್ತಿರುತ್ತಿದ್ದರು. 1828ರ ಜೂನಿನಲ್ಲಿ ಡ್ರೂರಿ ಲೇನ್‌ನಲ್ಲಿ ಬೀಳ್ಕೊಡುಗೆಯ ಆಟವಾಡಿದಾಗ ನಿಲ್ಲಲು ಆಗದೆ ಕುರ್ಚಿಯಲ್ಲಿ ಕೂತೇ ಅಭಿನಯಿಸಿದ. ಕೊನೆಕೊನೆಗೆ ಪಕ್ಕದ ಹೆಂಡದಂಗಡಿಯಲ್ಲಿ ಸಂಜೆ ಕಳೆಯುತ್ತಿದ್ದ. ರಾತ್ರಿ ಅಂಗಡಿಯವನೇ ಅವನನ್ನು ಬೆನ್ನಮೇಲೆ ಹೊತ್ತು ಮನೆಗೆ ಬಿಟ್ಟು ಬರುತ್ತಿದ್ದ.

ಈ ಅವಧಿಯಲ್ಲಿ ಅವನು ತನ್ನ ನೆನಪುಗಳನ್ನು ಬರೆದ. 1837ರ ಮೇ 31ರಂದು ಸತ್ತ. ಹಸ್ತಪ್ರತಿ ರಿಚರ್ಡ್ ಬೆಂಟ್ಲಿ ಎಂಬ ಪ್ರಕಾಶಕನ ಕೈಸೇರಿತು. ತಿದ್ದಿಕೊಡಲು ಬೆಂಟ್ಲಿ ಹಿಡಿದದ್ದು ತನ್ನ ಪತ್ರಿಕೆಯ ಇಪ್ಪತ್ತೈದು ವರ್ಷದ ಸಂಪಾದಕನನ್ನು. ಆ ಹುಡುಗನ ಹೆಸರು ಚಾರ್ಲ್ಸ್ ಡಿಕನ್ಸ್. ಬರವಣಿಗೆ ಚೆನ್ನಾಗಿಲ್ಲ, ಹಾಳು ಹರಟೆಯೇ ತುಂಬಿದೆ ಎಂದು ಮೊದಲು ಮೂಗು ಮುರಿದ ಡಿಕನ್ಸ್, 300 ಪೌಂಡಿಗೆ ಕೆಲಸ ಒಪ್ಪಿಕೊಂಡ. ತಾನು ಹೇಳುತ್ತ ಹೋಗಿ ತನ್ನ ತಂದೆಯ ಕೈಯಲ್ಲಿ ಬರೆಸಿದ. ಎರಡು ಸಂಪುಟ, ಜಾರ್ಜ್ ಕ್ರೂಕ್‌ಶ್ಯಾಂಕ್‌ನ ಚಿತ್ರಗಳು, 1838ರಲ್ಲಿ ಪ್ರಕಟಣೆ. ಹೊರಬಂದ ಕೆಲವೇ ದಿನಗಳಲ್ಲಿ 1,700 ಪ್ರತಿ ಖರ್ಚಾಯಿತು ಎಂದು ಅವನೇ ಖುಷಿಯಿಂದ ಬರೆದುಕೊಂಡಿದ್ದಾನೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇದಕ್ಕೆ ಎರಡು ವರ್ಷ ಮುಂಚೆ, ಗ್ರಿಮಾಲ್ಡಿ ಇನ್ನೂ ಬದುಕಿರುವಾಗಲೇ, ಡಿಕನ್ಸ್ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಒಬ್ಬ ಕುಡುಕ ವಿದೂಷಕನ ಸಾವನ್ನು ಬರೆದಿದ್ದ. ವೇಷದಲ್ಲಿರುವಾಗಲೇ ಅವನ ಕೃಶವಾದ ಮೈ, ಬಿಳಿ ಬಣ್ಣ ಬಳಿದ ಭೀಕರ ಮುಖ, ಹರಕು ಮನೆ, ಹಸಿದ ಹೆಂಡತಿ ಮಗು ಎಲ್ಲ ಅಲ್ಲಿವೆ. ಆ ಪಾತ್ರಕ್ಕೆ ಗ್ರಿಮಾಲ್ಡಿಯ ಮಗನೇ ಮಾದರಿ ಎನ್ನುತ್ತಾರೆ. ಅಂದರೆ ಹಸ್ತಪ್ರತಿ ಕೈಗೆ ಬರುವ ಮೊದಲೇ ಸಂಪಾದಕನ ತಲೆಯಲ್ಲಿ ಅಳುವ ವಿದೂಷಕ ಸಿದ್ಧನಾಗಿದ್ದ. ಪುಸ್ತಕದಲ್ಲಿ ಚಿಟ್ಟೆಗಳೂ ಇವೆ, ಪಾರಿವಾಳವೂ ಇದೆ, ಡಿಕನ್ಸ್ ಅವನ್ನು ಕತ್ತರಿಸಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯ ಸಂಪಾದಕ. ಆದರೆ ಓದಿದವರ ಮನಸ್ಸಿನಲ್ಲಿ ಉಳಿದದ್ದು ವೈದ್ಯರ ಮುಂದೆ ತಲೆ ತಗ್ಗಿಸಿ ನಿಂತವನು. ಅಲ್ಲಿಂದ 1970ರ 'ಮೇರಾ ನಾಮ್ ಜೋಕರ್'ವರೆಗೆ, ತಾಯಿ ಕಣ್ಮುಂದೆಯೇ ಸತ್ತರೂ ಆಟ ಮುಂದುವರಿಸುವ ರಾಜ್ ಕಪೂರ್‌ವರೆಗೆ, ದಾರಿ ನೇರವಾಗಿದೆ. ಆ ದೃಶ್ಯದಲ್ಲಿ ಕಣ್ಣು ಒದ್ದೆಯಾಗದವರು ಕಡಿಮೆ, ನನ್ನದೂ ಒದ್ದೆಯಾಗಿದೆ. ಸಿನಿಮಾಕ್ಕೆ ಅದು ಸಲ್ಲುತ್ತದೆ.

ನಮ್ಮಲ್ಲಿಯ ಒಂದು ಉದಾಹರಣೆ ಕೊಡುವುದಾದರೆ ಟಿ. ಎನ್. ಬಾಲಕೃಷ್ಣ. 1943ರ 'ರಾಧಾರಮಣ'ದಿಂದ ಶುರುವಾಗಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವರ ಮೇಲೆ ಬಂದ ಎಷ್ಟೋ ಬರಹಗಳು ಈ ಸಂಗತಿಯನ್ನು ಕಣ್ಣೀರಿನ ಖಾತೆಗೆ ಹಾಕುತ್ತವೆ, ಅಭಿಮಾನ್ ಸ್ಟುಡಿಯೊ ಕಟ್ಟಿ ಪಟ್ಟ ಪಾಡನ್ನು ಅದಕ್ಕೆ ಸೇರಿಸಿ ಮುಗಿಸುತ್ತವೆ. ಆ ಪಾಡು ನಿಜ. ಆದರೆ ಕಿವಿ ಕೇಳದವರೊಬ್ಬರು ಎದುರಿನವರ ತುಟಿ ನೋಡುತ್ತಲೇ ಮಾತು ಹಿಡಿದು, ಒಂದು ಚಣ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಮರುಮಾತು ಎಸೆಯುತ್ತಿದ್ದರಲ್ಲ, ಅದು ಹೇಗೆ? ಹಾಸ್ಯಕ್ಕೆ ಹೊತ್ತೇ ಜೀವಾಳ. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ಮತ್ತೊಮ್ಮೆ ನೋಡಿ. ಎದುರಿಗಿರುವವರ ಮುಖದಿಂದ ಆ ಕಣ್ಣುಗಳು ಆಚೀಚೆ ಸರಿಯುವುದೇ ಇಲ್ಲ. ಪಾತ್ರದ ಕುತೂಹಲ ಎಂದು ನಾವು ನಕ್ಕದ್ದರಲ್ಲಿ ಒಂದಿಷ್ಟು ಪಾಲು ಆ ಮನುಷ್ಯನ ದುಡಿಮೆಯೂ ಇರಬಹುದು. ಅಲ್ಲಿ ಒಳಗಿನ ಬಾಲಣ್ಣ ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯಲು ನನಗೆ ಸಾಧ್ಯವಾಗಿಲ್ಲ.

ಗ್ರಿಮಾಲ್ಡಿಯನ್ನು ಹೂತ ಪೆಂಟನ್‌ವಿಲ್‌ನ ಚರ್ಚಿನಂಗಳ ಈಗ ಅವನ ಹೆಸರಿನ ಉದ್ಯಾನ. ಲಂಡನ್ನಿನ ವಿದೂಷಕರು ಪ್ರತಿ ವರ್ಷ ಫೆಬ್ರುವರಿಯ ಮೊದಲ ಭಾನುವಾರ ಪೂರ್ವ ಲಂಡನ್ನಿನ ಚರ್ಚಿನಲ್ಲಿ ಪೂರಾ ವೇಷ ಹಾಕಿಕೊಂಡೇ ಸೇರಿ ಅವನಿಗಾಗಿ ಪ್ರಾರ್ಥನೆ ಮಾಡುತ್ತಾರೆ. ವೇಷ ಕಳಚಿ ಬನ್ನಿ ಎಂದು ಪಾದ್ರಿಗಳು ಹೇಳುವುದಿಲ್ಲ.

ಇನ್ನು ಕಚೇರಿಯ ಮಾತು. ಕಂಪನಿ ನಾಟಕದ, ಯಕ್ಷಗಾನ ಮೇಳದ, ಸಿನಿಮಾದ ಹಾಸ್ಯಗಾರರ ಮೇಲೆ ವಿಶೇಷ ಪುಟಗಳನ್ನು ತರುವ ಯೋಚನೆಯಿದೆ. ಅಭಿಮಾನಿಗಳ ಲೇಖನಗಳು ನಮ್ಮಲ್ಲಿ ಸಾಕಷ್ಟಿವೆ. ಬೇಕಾಗಿರುವುದು ಚೌಕಿಯಲ್ಲಿ ಪಕ್ಕ ಕೂತು ಬಣ್ಣ ಬರೆದುಕೊಂಡವರ, ಸೈಡ್‌ವಿಂಗಿನಲ್ಲಿ ನಿಂತು ಮಾತು ಎತ್ತಿಕೊಟ್ಟವರ, ಕಂಪನಿಯ ಅಡುಗೆ ಮಾಡಿದವರ, ಸಂಬಳದ ಪಟ್ಟಿ ಬರೆದವರ ನೆನಪು. ಆ ಹಾಸ್ಯಗಾರರು ಆಟಕ್ಕೆ ಮುಂಚೆ ಏನು ತಿನ್ನುತ್ತಿದ್ದರು, ಯಾವ ಮಾತಿಗೆ ಜನ ನಗದಿದ್ದರೆ ಏನು ಮಾಡುತ್ತಿದ್ದರು, ಸಂಬಳ ಎಷ್ಟು ತಿಂಗಳು ನಿಂತಿತ್ತು, ಬಿಡುವಿನ ದಿನ ಇಸ್ಪೀಟು ಆಡುತ್ತಿದ್ದರೋ ಮೀನು ಹಿಡಿಯುತ್ತಿದ್ದರೋ, ಬರೆಯಿರಿ. ಅತ್ತದ್ದನ್ನು ಕಂಡಿದ್ದರೆ ಅದನ್ನೂ ಬರೆಯಿರಿ, ಕಾಣದಿದ್ದರೆ ಸೇರಿಸಬೇಡಿ. ತಲೆಬರಹವನ್ನು ನಾವೇ ಕೊಡುತ್ತೇವೆ.